ಬೆಳಕಿಗೆ ಸಿಕ್ಕಿಬೀಳುವ ಬ್ಯಾಕ್ಟೀರಿಯಾ

ಮಕ್ಕಳೇ, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ರಾಶಿಗಳನ್ನು ನೋಡಿದ್ದೀರಾ? ಉದ್ದಕ್ಕೆ, ತೆಳ್ಳಗೆ, ಸುಕ್ಕುಸುಕ್ಕಾಗಿದ್ದರೆ ಕಡ್ಡಿ. ಗಿಡ್ಡಕ್ಕೆ, ದಪ್ಪಗೆ ಇದ್ದರೆ ಡಬ್ಬಿ. ನೋಡಿದ ಕೂಡಲೇ ಹೇಳಬಹುದು. ಆದರೆ ಬ್ಯಾಕ್ಟೀರಿಯಾಗಳ ಮುಂದೆ ಕಣ್ಣು ಸೋಲುತ್ತದೆ.

ಇದು ನನಗೆ ಮನದಟ್ಟಾದದ್ದು ಮಗಳಿಗೆ ಜ್ವರ ಬಂದಾಗ. ರಾಣೆಬೆನ್ನೂರಿನಲ್ಲಿ ರಕ್ತ ಪರೀಕ್ಷೆಗೆ ಕೊಟ್ಟೆವು. ವರದಿಗೆ ಮೂರು ದಿನ ಬೇಕೆಂದರು. ಅಲ್ಲಿಯವರೆಗೆ ವೈದ್ಯರು ಅಂದಾಜಿನ ಮೇಲೆ ಔಷಧಿ ಕೊಟ್ಟರು. ಜ್ವರ ಇಳಿಯಲಿಲ್ಲ. ಎಂ.ಎಸ್ಸಿ. ಓದಿದ ನಾನು ಹಾಸಿಗೆಯ ಪಕ್ಕ ಸುಮ್ಮನೆ ಕುಳಿತಿದ್ದೆ! ಮೂರನೆಯ ದಿನ ಟೈಫಾಯ್ಡ್ ಎಂದು ತಿಳಿಯಿತು, ಔಷಧಿ ಬದಲಾಯಿತು.

ಮೂರು ದಿನ ಏಕೆ? ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ, ನಮ್ಮ ಕರುಳಿನಲ್ಲಿರುವ ಇ. ಕೋಲೈ ಎರಡೂ ಸೂಕ್ಷ್ಮದರ್ಶಕದಲ್ಲಿ ಒಂದೇ ರೀತಿಯ ಪುಟ್ಟ ಕಡ್ಡಿಗಳು. ಆದ್ದರಿಂದ ಆಹಾರ ಕೊಟ್ಟು ಬೆಳೆಸಿ, ಅವುಗಳ ಗುಣ ನೋಡಿ ಗುರುತಿಸಬೇಕು.

ಬೇರೆ ದಾರಿಯೊಂದಿದೆ. 1928ರ ಫೆಬ್ರವರಿ 28ರಂದು ಕೋಲ್ಕತ್ತದಲ್ಲಿ ಸಿ.ವಿ. ರಾಮನ್ ಕಂಡದ್ದು ಇದನ್ನೇ: ವಸ್ತುವಿನ ಮೇಲೆ ಬಿದ್ದು ಚದುರಿದ ಬೆಳಕಿನಲ್ಲಿ ಒಂದು ಚೂರು ಬಣ್ಣ ಬದಲಿಸಿಕೊಂಡಿರುತ್ತದೆ. ಬ್ಯಾಕ್ಟೀರಿಯಾದಲ್ಲಿ ಪ್ರೋಟೀನು, ಕೊಬ್ಬು, ಡಿಎನ್‌ಎ ಇವೆ. ಅವುಗಳ ಅಣುಗಳು ಏಕತಾರಿಯ ತಂತಿಯಂತೆ ಕಂಪಿಸುತ್ತಲೇ ಇರುತ್ತವೆ, ಒಂದೊಂದರದು ಒಂದೊಂದು ಬಗೆ. ಲೇಸರ್ ಬೆಳಕು ಬಿದ್ದಾಗ ಅದರ ಸ್ವಲ್ಪ ಶಕ್ತಿ ಈ ಕಂಪನಕ್ಕೆ ಹೋಗುತ್ತದೆ. ಬೆಳಕಿನ ಬಣ್ಣ ತುಸು ಬದಲಾಗುತ್ತದೆ. ಹೀಗೆ ಬದಲಾಗುವುದು ಸುಮಾರು ಕೋಟಿಗೊಂದು ಬೆಳಕಿನ ಕಣ ಮಾತ್ರ.

ಹಾವೇರಿಯ ಶಾಲೆಯೊಂದರಲ್ಲಿ ಇದನ್ನು ಹೇಳುತ್ತಿದ್ದಾಗ ಏಳನೆಯ ತರಗತಿಯ ಹುಡುಗಿ ಎದ್ದು ನಿಂತಳು. "ಕೋಟಿಗೊಂದು ಅಂದ್ರ ಹೆಂಗ ಹಿಡೀತಾರ್ರೀ ಸರ್?" ಒಳ್ಳೆಯ ಪ್ರಶ್ನೆ. ಲೇಸರಿನ ಮೂಲ ಬಣ್ಣವನ್ನು ಒಂದು ಶೋಧಕ ತಡೆಯುತ್ತದೆ. ಉಳಿದ ಬೆಳಕನ್ನು ಮಳೆಬಿಲ್ಲಿನಂತೆ ಹರಡಿ, ಸೂಕ್ಷ್ಮ ಕ್ಯಾಮೆರಾದಿಂದ ಅಳೆಯುತ್ತಾರೆ. ಏರಿಳಿತದ ಒಂದು ನಕ್ಷೆ ಸಿಗುತ್ತದೆ. ಮೊದಲೇ ಗುರುತಿಸಿಟ್ಟ ಬ್ಯಾಕ್ಟೀರಿಯಾಗಳ ನಕ್ಷೆಗಳೊಂದಿಗೆ ಕಂಪ್ಯೂಟರ್ ಅದನ್ನು ಹೋಲಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಈ ವಿಧಾನದಿಂದ ಬ್ಯಾಕ್ಟೀರಿಯಾದ ಜಾತಿಯನ್ನಷ್ಟೇ ಅಲ್ಲ, ಅದು ಬದುಕಿದೆಯೋ ಸತ್ತಿದೆಯೋ ಎಂಬುದನ್ನೂ ಗುರುತಿಸಿದರು.

ಹಾಗಾದರೆ ಮೂರು ದಿನದ ಕಾಯುವಿಕೆ ಮುಗಿಯಿತೇ? ಅಷ್ಟು ಸುಲಭವಿಲ್ಲ. ಬ್ಯಾಕ್ಟೀರಿಯಾ ತಿಂದ ಆಹಾರ ಬದಲಾದರೂ ನಕ್ಷೆ ಕೊಂಚ ಬದಲಾಗುತ್ತದೆ. ಇನ್ನು ಟೈಫಾಯ್ಡ್ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಅನೇಕ ಸಲ ಒಂದೆರಡು ಬ್ಯಾಕ್ಟೀರಿಯಾ ಸಿಕ್ಕರೆ ಹೆಚ್ಚು. ಸುತ್ತ ಇರುವ ಕೆಂಪು ರಕ್ತಕಣಗಳೋ ನೂರಾರು ಕೋಟಿ.

"ಹಂಗಾದ್ರ ಮೊದಲ ಅವನ್ನ ಹಿಡಿಯಾಕ ಒಂದು ಬಲಿ ಬೇಕಲ್ರೀ ಸರ್" ಎಂದಳು ಅದೇ ಹುಡುಗಿ.

ಹೌದು, ಅಂಥ ಬಲೆಯನ್ನೇ ವಿಜ್ಞಾನಿಗಳು ಈಗ ಹೆಣೆಯುತ್ತಿದ್ದಾರೆ.