ಲೋಕರೂಢಿಯೂ ಆತ್ಮನಿಶ್ಚಯವೂ

"ನಾಲ್ಕು ಜನ ಏನೆಂದಾರು?" ಗೃಹಸ್ಥರ ಮನೆಗಳಲ್ಲಿ ಹೊಸ ವಿಚಾರವೊಂದು ತಲೆಯೆತ್ತಿದಾಗ ಮೊದಲು ಕೇಳಿಬರುವ ಪ್ರಶ್ನೆ ಇದೇ. ಮಗನು ತಂದೆಯ ಅಂಗಡಿಯಲ್ಲಿ ಕೂರದೆ ಪ್ರಾಕೃತವನ್ನು ಕಲಿಯುತ್ತೇನೆಂದರೆ, ಮಗಳು ತನ್ನ ಮದುವೆಯನ್ನು ಆಡಂಬರವಿಲ್ಲದೆ ನೆರವೇರಿಸಿರೆಂದು ಕೇಳಿದರೆ, ಗಂಡನನ್ನು ಕಳೆದುಕೊಂಡ ಸೊಸೆಯು ಪೂಜಾದ್ರವ್ಯದ ತಟ್ಟೆ ಹಿಡಿದು ಮುಂದಿನ ಸಾಲಿನಲ್ಲಿ ನಿಂತರೆ, ಆ ನಾಲ್ಕು ಜನರ ನೆನಪು ಎಲ್ಲರಿಗೂ ಒಮ್ಮೆಲೇ ಬರುತ್ತದೆ. ಅವರು ಯಾರೆಂದು, ಎಲ್ಲಿರುವರೆಂದು ಯಾರೂ ಹೇಳಲಾರರು. ಆದರೂ ಎಷ್ಟೋ ಜೀವನಗಳು ಅವರ ಭಯದಲ್ಲಿಯೇ ಕಳೆದುಹೋಗುತ್ತವೆ.

ಸಮಾಜವೆಂಬುದು ತಿರಸ್ಕಾರಕ್ಕೆ ಯೋಗ್ಯವಾದ ವಸ್ತುವೆಂದು ಇದರ ಅರ್ಥವಲ್ಲ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ಚತುರ್ವಿಧ ಸಂಘದ ಆಸರೆಯಿಲ್ಲದೆ ಧರ್ಮವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿ ಬರುತ್ತಿರಲಿಲ್ಲ. ಆದರೆ ಸಂಘ ಬೇರೆ, ಲೋಕರೂಢಿ ಬೇರೆ. ಸಂಘವು ಜೀವನನ್ನು ಅವನ ಗುರಿಯತ್ತ ಕೈಹಿಡಿದು ನಡೆಸುತ್ತದೆ. ಲೋಕರೂಢಿಯು ಗುರಿಯನ್ನು ಕೇಳುವುದೇ ಇಲ್ಲ; ಎಲ್ಲರಂತೆ ನಡೆದರೆ ಸಾಕೆನ್ನುತ್ತದೆ. ಈ ಎರಡನ್ನು ಬೇರ್ಪಡಿಸಿ ನೋಡುವ ವಿವೇಕವು ಧರ್ಮಕ್ಕೆ ಹೊರಗಿನದಲ್ಲ, ಸಮ್ಯಗ್ದರ್ಶನದ ಅಂಗವೇ ಆಗಿದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದೃಷ್ಟಿಯು ತೊರೆಯಬೇಕಾದ ಮೂರು ಮೂಢತೆಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದು ಲೋಕಮೂಢತೆ. ನದಿ ಸಮುದ್ರಗಳಲ್ಲಿ ಮಿಂದರೆ ಪುಣ್ಯವೆಂದು ನಂಬುವುದು, ಮರಳು ಕಲ್ಲುಗಳನ್ನು ರಾಶಿ ಹಾಕುವುದು, ಬೆಟ್ಟದಿಂದ ಬೀಳುವುದು, ಬೆಂಕಿಯಲ್ಲಿ ಬೀಳುವುದು: ಇವು ಆಚಾರ್ಯರು ಕೊಟ್ಟ ಉದಾಹರಣೆಗಳು. ಲೋಕವು ಮಾಡುತ್ತದೆ ಎಂಬ ಒಂದೇ ಕಾರಣದಿಂದ ವಿಚಾರವಿಲ್ಲದೆ ಮಾಡಿದ ಕ್ರಿಯೆಯು ಎಷ್ಟೇ ಕಠಿಣವಾಗಿದ್ದರೂ, ಪ್ರಾಣವನ್ನೇ ಬೇಡುವಂಥದಾಗಿದ್ದರೂ ಅದು ಧರ್ಮವಾಗಲಾರದೆಂಬುದು ಇದರ ತಾತ್ಪರ್ಯ.

ಅದೇ ಗ್ರಂಥವು ಅಮೂಢದೃಷ್ಟಿ ಎಂಬ ಅಂಗಕ್ಕೆ ರೇವತಿ ರಾಣಿಯನ್ನು ನಿದರ್ಶನವಾಗಿ ಹೆಸರಿಸುತ್ತದೆ. ಆಕೆಯ ಕಥೆ ಪಾಠಶಾಲೆಯ ಮಕ್ಕಳಿಗೂ ಗೊತ್ತು. ವಿದ್ಯಾಬಲವುಳ್ಳ ಕ್ಷುಲ್ಲಕನೊಬ್ಬನು ಮಥುರೆಗೆ ಬಂದು ಒಂದೊಂದು ದಿನ ಒಂದೊಂದು ದೇವರ ರೂಪವನ್ನು ಧರಿಸಿದನು. ಕೊನೆಗೆ ಸಮವಸರಣವನ್ನೇ ನಿರ್ಮಿಸಿ ಇಪ್ಪತ್ತೈದನೆಯ ತೀರ್ಥಂಕರನೆಂಬಂತೆ ತೋರಿಕೊಂಡನು. ನಗರವೆಲ್ಲ ಕಿಕ್ಕಿರಿದು ಹೋಯಿತು. ರೇವತಿ ಮಾತ್ರ ಹೋಗಲಿಲ್ಲ. ತೀರ್ಥಂಕರರು ಇಪ್ಪತ್ತನಾಲ್ವರೇ ಎಂದು ಆಕೆ ಅರಿತಿದ್ದಳು, ಆ ಅರಿವು ಆಕೆಗೆ ಸಾಕಾಗಿತ್ತು. ಆಕೆ ಯಾರೊಡನೆಯೂ ಕಲಹ ಮಾಡಲಿಲ್ಲ, ಹೋದವರನ್ನು ಹಳಿಯಲಿಲ್ಲ. ತಾನು ತಿಳಿದುದನ್ನು ಬಿಟ್ಟುಕೊಡದೆ ಮನೆಯಲ್ಲಿ ಉಳಿದಳು, ಅಷ್ಟೇ.

ಪುರಾಣದ ರೇವತಿಗೆ ಒಡ್ಡಿದ ಪರೀಕ್ಷೆಗಿಂತ ದಾರುಣವಾದ ಪರೀಕ್ಷೆಯೊಂದು ಕನ್ನಡನಾಡಿನ ಚರಿತ್ರೆಯಲ್ಲಿ ಒಬ್ಬ ಶ್ರಾವಿಕೆಗೆ ಒದಗಿತು. ಹತ್ತನೆಯ ಶತಮಾನದ ಕೊನೆಯ ಭಾಗ. 973ರಲ್ಲಿ ರಾಷ್ಟ್ರಕೂಟರ ಪ್ರಭುತ್ವವು ಅಳಿದು ಚಾಲುಕ್ಯ ತೈಲಪನು ರಾಜ್ಯವನ್ನು ಕಟ್ಟುತ್ತಿದ್ದ ಕಾಲ. ಮಲ್ಲಪಯ್ಯನ ಮಕ್ಕಳಾದ ಅತ್ತಿಮಬ್ಬೆ ಮತ್ತು ಗುಂಡಮಬ್ಬೆ ಎಂಬ ಅಕ್ಕತಂಗಿಯರು ತೈಲಪನ ಮಂತ್ರಿಯ ಮಗನಾದ ನಾಗದೇವನೊಬ್ಬನನ್ನೇ ವರಿಸಿ ಒಂದೇ ಮನೆಯ ಸೊಸೆಯರಾದರು. ನಾಗದೇವನು ಅಕಾಲದಲ್ಲಿ ಮರಣ ಹೊಂದಿದನು. ಗುಂಡಮಬ್ಬೆಯು ಗಂಡನೊಡನೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದಳು.

ಉಳಿದಳು ಎಂಬ ಒಂದು ಮಾತಿನಲ್ಲಿ ಎಷ್ಟು ಭಾರವಿದೆಯೆಂಬುದನ್ನು ಓದುಗರು ನಿಧಾನವಾಗಿ ಯೋಚಿಸಬೇಕು. ವೀರರ ಮನೆತನಗಳಲ್ಲಿ ಗಂಡನ ಹಿಂದೆಯೇ ಪ್ರಾಣ ಬಿಡುವುದನ್ನು ಲೋಕವು ಹಾಡಿ ಹೊಗಳುತ್ತಿದ್ದ ಕಾಲವದು. ಹಾಗೆ ಹೋದವರಿಗಾಗಿ ನಿಲ್ಲಿಸಿದ ಮಾಸ್ತಿಕಲ್ಲುಗಳು ನಾಡಿನ ಊರೂರುಗಳಲ್ಲಿ ಇಂದಿಗೂ ಕಾಣುತ್ತವೆ. ಅಂಥ ಮೆಚ್ಚುಗೆಯ ದಾರಿಯನ್ನು ಒಡಹುಟ್ಟಿದ ತಂಗಿಯೇ ಹಿಡಿದು ಹೋದಳು. ಬದುಕಿದ ಅಕ್ಕನನ್ನು ಹೋದ ತಂಗಿಯ ಪಕ್ಕದಲ್ಲಿಟ್ಟು ತೂಗುವ ಕಣ್ಣುಗಳಿಗೆ ಅಂದು ಕೊರತೆಯಿದ್ದಿರಲಾರದು. ಗುಂಡಮಬ್ಬೆಯ ದುಃಖವನ್ನಾಗಲಿ ಪ್ರೀತಿಯನ್ನಾಗಲಿ ಹಗುರವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ; ಆಕೆಗೆ ಸಲ್ಲಬೇಕಾದುದು ಅನುಕಂಪೆ. ಆದರೆ ಅಗ್ನಿಪಾತವನ್ನು ಲೋಕಮೂಢತೆಯ ಪಟ್ಟಿಯಲ್ಲಿ ಸೇರಿಸಿದ ಆಚಾರ್ಯವಾಕ್ಯದ ಬೆಳಕಿನಲ್ಲಿ ನೋಡಿದರೆ, ಅಕ್ಕನು ಆರಿಸಿಕೊಂಡ ಬದುಕು ಹೆದರಿಕೆಯ ಬದುಕಲ್ಲವೆಂಬುದು ಸ್ಪಷ್ಟವಾಗುತ್ತದೆ. ಆಕೆಯ ಮುಂದೆ ಅಣ್ಣಿಗದೇವನೆಂಬ ಮಗನಿದ್ದನು. ಆಚರಿಸಬೇಕಾದ ವ್ರತಗಳಿದ್ದುವು, ಮಾಡಬೇಕಾದ ದಾನಗಳಿದ್ದುವು.

ಬೆಂಕಿಯು ಕೇಳುವ ಧೈರ್ಯ ಒಂದು ಗಳಿಗೆಯದು. ಉಳಿದು ಬಾಳುವ ಧೈರ್ಯವಾದರೋ ಪ್ರತಿದಿನ ಬೆಳಗಾದೊಡನೆ ಹೊಸದಾಗಿ ತಂದುಕೊಳ್ಳಬೇಕಾದುದು. ಅತ್ತಿಮಬ್ಬೆ ಅದನ್ನು ಬಹುಕಾಲ ತಂದುಕೊಂಡಳು. 993ರಲ್ಲಿ ರನ್ನಕವಿಯು ಆಕೆಯ ಆಶ್ರಯದಲ್ಲಿ ಅಜಿತಪುರಾಣವನ್ನು ರಚಿಸಿದನು. ಅದಾಗಿ ಹದಿನಾಲ್ಕು ವರ್ಷಗಳ ಮೇಲೆ, 1007ರ ಶಾಸನವು ಆಕೆ ಲಕ್ಕುಂಡಿಯಲ್ಲಿ ಕಟ್ಟಿಸಿದ ಬಸದಿಯನ್ನು ದಾಖಲಿಸಿದೆ. ಗದಗ ಜಿಲ್ಲೆಯ ಆ ಊರಿಗೆ ಹೋದವರು ಬ್ರಹ್ಮಜಿನಾಲಯವನ್ನು ಇಂದಿಗೂ ಕಾಣಬಹುದು. ಸಾವಿರದೈನೂರು ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳೆಂಬ ಖ್ಯಾತಿಯೂ ದಾನಚಿಂತಾಮಣಿ ಎಂಬ ಬಿರುದೂ ಆಕೆಗೆ ಸಂದಿವೆ.

ಆದರೆ ಅತ್ತಿಮಬ್ಬೆಯ ವ್ಯಕ್ತಿತ್ವವು ಎಲ್ಲಕ್ಕಿಂತ ಹೆಚ್ಚಾಗಿ ಬೆಳಗುವುದು ಇನ್ನೊಂದು ಕಾರ್ಯದಲ್ಲಿ. ಪೊನ್ನಕವಿಯ ಶಾಂತಿಪುರಾಣವನ್ನು ಆಕೆ ಸಾವಿರ ಪ್ರತಿಗಳಾಗಿ ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಸಾಮಾನ್ಯದ ಮಾತಲ್ಲ. ತಾಳೆಯ ಎಲೆಗಳನ್ನು ತಂದು ಹದಗೊಳಿಸಬೇಕು, ಒಂದೇ ಅಳತೆಗೆ ಕತ್ತರಿಸಬೇಕು, ದಾರ ಪೋಣಿಸಲು ತೂತು ಕೊರೆಯಬೇಕು. ಲಿಪಿಕಾರನು ಕಂಠದ ಮೊನೆಯಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕು. ಬಳಿಕ ಮಸಿಯನ್ನು ಸವರಿ ಒರೆಸಿದರೆ ಮಾತ್ರ ಬರೆಹವು ಕಣ್ಣಿಗೆ ಕಾಣುತ್ತದೆ. ಹನ್ನೆರಡು ಆಶ್ವಾಸಗಳ ಒಂದು ಚಂಪೂಕಾವ್ಯವನ್ನು ಹೀಗೆ ಸಾವಿರ ಸಲ ಬರೆಯಿಸುವುದೆಂದರೆ ಎಷ್ಟು ಕೈಗಳ ದುಡಿಮೆ, ಎಷ್ಟು ದಿನಗಳ ಅನ್ನ, ಎಷ್ಟು ದೀರ್ಘವಾದ ಸಂಕಲ್ಪ!

ಈ ಗ್ರಂಥವು ಆಕೆಗೆ ಹೊರಗಿನದಾಗಿರಲಿಲ್ಲವೆಂಬುದೂ ಗಮನಾರ್ಹ. ಅದನ್ನು ಪೊನ್ನನಿಂದ ಬರೆಯಿಸಿದವರು ಆಕೆಯ ತಂದೆ ಮಲ್ಲಪಯ್ಯನೂ ಆತನ ಸೋದರ ಪುನ್ನಮಯ್ಯನೂ. ಎಂದರೆ ತವರಿನಿಂದ ಬಂದ ಸಂಪತ್ತನ್ನೇ ಆಕೆ ಕೈಗೆತ್ತಿಕೊಂಡಳು. ಆದರೆ ಅದನ್ನು ಮನೆಯ ಪೆಟ್ಟಿಗೆಯಲ್ಲಿಟ್ಟು ಪೂಜಿಸದೆ ನಾಡಿಗೆ ಹಂಚಿದಳು. ಪೊನ್ನನಿಗೆ ಮನ್ನಣೆಯಿತ್ತ ರಾಷ್ಟ್ರಕೂಟರ ಸಿಂಹಾಸನವೇ ಇಲ್ಲವಾಗಿದ್ದಾಗ ಆತನ ಕಾವ್ಯಕ್ಕೆ ಶ್ರಾವಿಕೆಯೊಬ್ಬಳು ಆಸರೆಯಾದಳು. ಅದೇ ಪೊನ್ನನ ಭುವನೈಕರಾಮಾಭ್ಯುದಯವು ಇಂದು ದೊರೆಯುವುದಿಲ್ಲ. ಶಾಂತಿಪುರಾಣವು ಉಳಿದಿದೆ.

ವ್ಯಕ್ತಿತ್ವವೆಂದರೆ ಹಿರಿಯರನ್ನು ಧಿಕ್ಕರಿಸಿ ಮನೆಬಿಟ್ಟು ಹೋಗುವುದೆಂದು ಭಾವಿಸುವವರು ಅತ್ತಿಮಬ್ಬೆಯ ಬಾಳನ್ನು ನೋಡಬೇಕು. ಆಕೆ ಮನೆಯನ್ನು ಬಿಡಲಿಲ್ಲ, ಮಗನನ್ನು ಬಿಡಲಿಲ್ಲ, ಕುಲಧರ್ಮವನ್ನು ಬಿಡಲಿಲ್ಲ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳು ಎಲ್ಲ ಶ್ರಾವಕರಿಗೂ ವಿಹಿತವಾದುವೇ. ಎಲ್ಲರಿಗೂ ತೆರೆದಿದ್ದ ಆ ದಾರಿಯಲ್ಲಿ ತನ್ನ ಕಾಲಕ್ಕೆ ಯಾವುದು ಅಗತ್ಯ, ತನ್ನ ಕೈಯಿಂದ ಯಾವುದು ಸಾಧ್ಯ ಎಂಬುದನ್ನು ಆಕೆ ಸ್ವತಃ ಕಂಡುಕೊಂಡಳು. ಬಾಳಿನ ಉದ್ದೇಶವು ಸಾಮಾನ್ಯವಾಗಿ ದೊರೆಯುವುದು ಹೀಗೆಯೇ. ಎಲ್ಲಿಂದಲೋ ಹೊಸದಾಗಿ ಇಳಿದುಬರುವುದಲ್ಲ, ಇರುವ ಧರ್ಮದಲ್ಲಿ ತನ್ನ ಪಾಲಿನ ಕೆಲಸವನ್ನು ಗುರುತಿಸಿಕೊಳ್ಳುವುದು. ರನ್ನನ ಬಾಳಿನಲ್ಲಿಯೂ ಇದೇ ಮಾತು ತೋರುತ್ತದೆ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗನು ಬಳೆಯ ಮಲಾರವನ್ನು ಹೊರದೆ ಅಜಿತಸೇನಾಚಾರ್ಯರಲ್ಲಿ ವಿದ್ಯೆ ಕಲಿತು ಕವಿಚಕ್ರವರ್ತಿಯಾದನು. ತನ್ನನ್ನು ಪೊರೆದವರ ನೆನಪಿಗಾಗಿ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಮೊದಲನೆಯದು ಚಾವುಂಡರಾಯನ ಹೆಸರು. ತನ್ನ ದಾರಿಯನ್ನು ತಾನೇ ಹಿಡಿದವನು ಕೃತಜ್ಞತೆಯನ್ನು ಮರೆಯಬೇಕಾಗಿಲ್ಲ.

ಶಾಸ್ತ್ರರಕ್ಷಣೆಯ ಕ್ಷೇತ್ರದಲ್ಲಿಯೇ, ಅತ್ತಿಮಬ್ಬೆಯ ಒಂಬತ್ತು ಶತಮಾನಗಳ ಅನಂತರ ಇನ್ನೊಂದು ಪ್ರಸಂಗ ನಡೆಯಿತು. ಇದು ಅಷ್ಟು ಸರಳವಾದುದಲ್ಲ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ಓಲೆಪ್ರತಿಗಳು ಮೂಡುಬಿದಿರೆಯಲ್ಲಿ ಮಾತ್ರ ಉಳಿದಿದ್ದುವು. ಭಕ್ತರು ದೂರದಿಂದ ಬಂದು ಅವುಗಳ ದರ್ಶನ ಪಡೆದು ಹಿಂದಿರುಗುತ್ತಿದ್ದರು. ಓದುವ ರೂಢಿ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕಾರ್ಯ ಪ್ರಾರಂಭವಾಯಿತಾದರೂ ಪ್ರತಿಗಳು ಊರಿನಿಂದ ಹೊರಗೆ ಹೋಗಕೂಡದೆಂಬ ಕಟ್ಟಳೆಯಿತ್ತು. ಪ್ರತಿಮಾಡುತ್ತಿದ್ದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದು ಉತ್ತರದ ಸಹಾರನಪುರವನ್ನು ಸೇರಿತು, ಅಲ್ಲಿಂದ ಬೇರೆ ಪ್ರತಿಗಳು ಹುಟ್ಟಿದುವು. ಗೃಹಸ್ಥರಿಗೆ ಸಿದ್ಧಾಂತಗ್ರಂಥಗಳನ್ನು ಓದುವ ಅಧಿಕಾರವಿಲ್ಲವೆಂಬ ಆಕ್ಷೇಪಗಳ ನಡುವೆಯೇ ಡಾ. ಹೀರಾಲಾಲ್ ಜೈನ್ ಅವರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದರು. ಮುಂದೆ ಮೂಲಪ್ರತಿಗಳೊಡನೆ ಪಾಠವನ್ನು ಹೋಲಿಸಿ ನೋಡಲು ಮೂಡುಬಿದಿರೆಯವರೇ ಸಹಕರಿಸಿದರು. ಒಟ್ಟು ಹದಿನಾರು ಸಂಪುಟಗಳು ಬೆಳಕು ಕಂಡುವು.

ಗುಟ್ಟಾಗಿ ಮಾಡಿದ ಪ್ರತಿಯು ಅಚೌರ್ಯವ್ರತಕ್ಕೆ ಕುಂದಲ್ಲವೇ ಎಂದು ಕೇಳುವವರ ಪ್ರಶ್ನೆ ನ್ಯಾಯವಾದುದೇ. ಒಳ್ಳೆಯ ಫಲವು ಬಂದಿತೆಂಬ ಮಾತ್ರಕ್ಕೆ ಸಾಧನವು ಶುದ್ಧವಾಗುವುದಿಲ್ಲ. ಆದರೆ ಜ್ಞಾನವನ್ನು ಬೀಗದೊಳಗಿಟ್ಟು ಹುಳುವಿಗೆ ಬಿಡುವ ರೂಢಿಯೂ ನಿರ್ದೋಷವಲ್ಲ. ಅದು ಜ್ಞಾನಾವರಣದ ಆಸ್ರವಕ್ಕೆ ಕಾರಣವೆಂದು ಶಾಸ್ತ್ರವೇ ಹೇಳುತ್ತದೆ. ಒಳ್ಳೆಯ ಕಾರ್ಯಕ್ಕೆ ನೇರವಾದ ಬಾಗಿಲನ್ನು ಸಮಾಜವು ಮುಚ್ಚಿದಾಗ ಒಳ್ಳೆಯವರೂ ಅಡ್ಡದಾರಿ ಹಿಡಿಯುವ ಪ್ರಸಂಗ ಬರುತ್ತದೆ. ಆ ಹೊಣೆಯಲ್ಲಿ ಬಾಗಿಲು ಮುಚ್ಚಿದವರಿಗೂ ಪಾಲಿದೆ.

ತನ್ನತನದ ಹಾದಿಯಲ್ಲಿ ಅಪಾಯವಿಲ್ಲವೆಂದು ಹೇಳುವಂತಿಲ್ಲ. ಆತ್ಮನಿಶ್ಚಯಕ್ಕೂ ಅಹಂಕಾರಕ್ಕೂ ನಡುವಿನ ಗೆರೆ ಬಹಳ ತೆಳುವಾದುದು. ಬಾಹುಬಲಿಯು ಗೆದ್ದ ರಾಜ್ಯವನ್ನೇ ಬಿಟ್ಟು ಒಂದು ವರ್ಷ ಅಲುಗದೆ ನಿಂತನು. ಆದರೂ ಭರತನ ನೆಲದ ಮೇಲೆ ನಿಂತಿದ್ದೇನೆಂಬ ಒಂದು ಶಲ್ಯವು ಮನದಲ್ಲಿ ಉಳಿದಿರುವವರೆಗೆ ಅವನಿಗೆ ಕೇವಲಜ್ಞಾನವಾಗಲಿಲ್ಲವೆಂದು ಕನ್ನಡನಾಡಿನಲ್ಲಿ ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಆದುದರಿಂದ ಲೋಕರೂಢಿಗೆ ಎದುರಾಗಿ ನಿಲ್ಲುವವನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಈ ನಡೆ ನನ್ನ ಕಷಾಯವನ್ನು ಕುಗ್ಗಿಸುವುದೋ ಹಿಗ್ಗಿಸುವುದೋ? ಇದರಿಂದ ಯಾವ ಜೀವಕ್ಕೆ ನೋವು, ಯಾವ ಜೀವಕ್ಕೆ ಹಿತ? ಯಾರೂ ನೋಡದಿದ್ದರೂ ನಾನು ಇದನ್ನು ಮಾಡುವೆನೇ? ರೂಢಿಯಂತೆ ನಡೆಯುವವನೂ ಇವೇ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇವಕ್ಕೆ ಸರಿಯಾದ ಉತ್ತರ ದೊರೆತರೆ ರೂಢಿಯೂ ವ್ರತವೇ ಆದೀತು.

ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಏಕತ್ವವೆಂಬುದೊಂದು. ಜೀವನು ಒಬ್ಬನೇ ಹುಟ್ಟುತ್ತಾನೆ, ಒಬ್ಬನೇ ಸಾಯುತ್ತಾನೆ, ಮಾಡಿದುದನ್ನು ಒಬ್ಬನೇ ಉಣ್ಣುತ್ತಾನೆ. ಏನೆಂದಾರೋ ಎಂದು ಬಾಳೆಲ್ಲ ಅಂಜಿದ ಆ ನಾಲ್ಕು ಜನ ಕೊನೆಗೆ ಹೆಗಲು ಕೊಡುವುದು ಚಟ್ಟಕ್ಕೆ ಮಾತ್ರ. ಕರ್ಮದ ಹೊರೆಗೆ ಅವರು ಹೆಗಲು ಕೊಡಲಾರರು. ಹೊರೆ ತನ್ನದಾಗಿರುವಾಗ ದಾರಿಯ ಆಯ್ಕೆಯೂ ತನ್ನದಾಗಿರುವುದು ನ್ಯಾಯ.

ಬಸದಿಗಳ ಆಡಳಿತವನ್ನು ಹೊತ್ತ ಮಂಡಳಿಗಳಿಗೂ ಈ ವಿಚಾರದಲ್ಲಿ ಕರ್ತವ್ಯವಿದೆ. ಕಲಶದ ಸವಾಲಿನಲ್ಲಿ ಕೂಗಿದ ಮೊತ್ತವು ಶಿಲಾಫಲಕವನ್ನು ಏರುತ್ತದೆ. ಒಬ್ಬನ ಹೆಸರನ್ನು ಕಂಡು ಇನ್ನೊಬ್ಬನು ಕೂಗುತ್ತಾನೆ. ಅದರಲ್ಲಿ ಭಕ್ತಿ ಎಷ್ಟು, ನಾಲ್ಕು ಜನರ ಕಣ್ಣು ಎಷ್ಟು ಎಂಬುದನ್ನು ಕೂಗಿದವರೇ ಬಲ್ಲರು. ಅದೇ ಬಸದಿಯ ಕಪಾಟಿನಲ್ಲಿ ಓಲೆಯ ಕಟ್ಟುಗಳು ಗೆದ್ದಲಿಗೆ ಆಹಾರವಾಗುತ್ತಿದ್ದರೆ, ಅವನ್ನು ಓದಲು ಕಲಿಯಬೇಕೆನ್ನುವ ಹುಡುಗನಿಗೆ ಒಂದು ವಿದ್ಯಾರ್ಥಿವೇತನವೂ ಇಲ್ಲದಿದ್ದರೆ, ಪಾಠ ಹೇಳಬಲ್ಲ ವಿಧವೆಯೊಬ್ಬಳು ಕಂಬದ ಮರೆಯಲ್ಲಿಯೇ ನಿಲ್ಲಬೇಕಾಗಿದ್ದರೆ, ಅತ್ತಿಮಬ್ಬೆಯ ಜಯಂತಿಯನ್ನು ಆಚರಿಸಿ ಪ್ರಯೋಜನವೇನು? ಆಕೆಯೂ ವಿಧವೆಯೇ ಆಗಿದ್ದಳಲ್ಲವೇ?

ಮುಂದಿನ ಪರ್ವದೊಳಗೆ ಪ್ರತಿಯೊಂದು ಬಸದಿಯಲ್ಲಿಯೂ ಒಮ್ಮೆ ಆ ಕಪಾಟನ್ನು ತೆರೆಯಲಿ. ಓಲೆಗಳ ಧೂಳನ್ನು ಮೆಲ್ಲನೆ ಒರೆಸಿ, ಯಾವ ಗ್ರಂಥ, ಎಷ್ಟು ಗರಿ ಎಂದು ಪಟ್ಟಿ ಮಾಡಲಿ. ಆ ಕೆಲಸಕ್ಕೆ ಮುಂದೆ ಬರುವ ಹುಡುಗನನ್ನೋ ಸೊಸೆಯನ್ನೋ ತಡೆಯದಿರಲಿ. ನಾಲ್ಕು ಜನ ಏನಾದರೂ ಅಂದರೆ, ಅವರಿಗೂ ಒಂದೊಂದು ಕಟ್ಟನ್ನು ಕೈಗೆ ಕೊಟ್ಟು ಒರೆಸಲು ಕೂರಿಸಲಿ.