ಟೈಲ್ಸಿನ ಅಡಿಯ ಮಣ್ಣು

ಕೊಚ್ಚಿಯ ಪಾಲಾರಿವಟ್ಟಂ ಎಂದರೆ ಕೇರಳದವರಿಗೆಲ್ಲ ಮೊದಲು ನೆನಪಾಗುವುದು ಮೇಲ್ಸೇತುವೆ. 2016ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ, ಮೂರು ವರ್ಷ ತುಂಬುವ ಮೊದಲೇ ಬಿರುಕು ಕಾಣಿಸಿಕೊಂಡು, 2019ರ ಮೇ ತಿಂಗಳಲ್ಲಿ ಮುಚ್ಚಿಹೋದ ಸೇತುವೆ ಅದು. ಸುಪ್ರೀಂ ಕೋರ್ಟಿನ ಒಪ್ಪಿಗೆ ಸಿಕ್ಕ ಮೇಲೆ ದೆಹಲಿ ಮೆಟ್ರೊ ನಿಗಮದವರು ಎಂಜಿನಿಯರ್ ಇ. ಶ್ರೀಧರನ್ ಅವರ ಮಾರ್ಗದರ್ಶನದಲ್ಲಿ ಗರ್ಡರುಗಳನ್ನು ಕತ್ತರಿಸಿ ಕೆಳಗಿಳಿಸಿದರು. 2021ರ ಮಾರ್ಚಿಗೆ ಮತ್ತೆ ಕಟ್ಟಿಕೊಟ್ಟರು. ಇದನ್ನು ಜನ ಭ್ರಷ್ಟಾಚಾರದ ಕಥೆಯಾಗಿ ಹೇಳುತ್ತಾರೆ. ನನಗೆ ಇದರಲ್ಲಿ ಒಂದು ಭರವಸೆಯೂ ಕಾಣುತ್ತದೆ. ಹಾಕಿದ ಕಾಂಕ್ರೀಟು ಸರಿಯಿಲ್ಲವೆಂದು ಗೊತ್ತಾದರೆ ಅದನ್ನು ಒಡೆದು ತೆಗೆಯುವ ಶಕ್ತಿ ಈ ಊರಿಗೆ ಇದೆ. ಅಷ್ಟು ದೊಡ್ಡ ಸೇತುವೆಯನ್ನೇ ತಿಂಗಳುಗಳಲ್ಲಿ ಕಳಚಿ ಕಟ್ಟಿದವರಿಗೆ ಒಂದು ಅಡ್ಡರಸ್ತೆಯ ಟೈಲ್ಸ್ ಎಬ್ಬಿಸುವುದು ಕಷ್ಟವೇ?

ನಾನು ಕಾಸರಗೋಡಿನ ಪೆರ್ಲದ ಕಡೆಯವನು. ಕೆಲಸದ ನಿಮಿತ್ತ ಪಾಲಾರಿವಟ್ಟಂನ ಒಂದು ಒಳರಸ್ತೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದೇನೆ. ಈ ಕಾಂಪೌಂಡಿನಿಂದ ಆ ಕಾಂಪೌಂಡಿನವರೆಗೆ ಅಂಗೈಯಗಲದ ಮಣ್ಣೂ ಕಾಣದಂತೆ ಇಂಟರ್‌ಲಾಕ್ ಟೈಲ್ಸ್ ಹಾಸಿದ್ದಾರೆ. ಗೇಟಿನ ಒಳಗೂ ಅದೇ. ಏಪ್ರಿಲ್‌ನಲ್ಲಿ ಹೊತ್ತು ಮುಳುಗಿ ಎಷ್ಟೋ ಹೊತ್ತಾದರೂ ನೆಲದ ಕಾವು ಇಳಿಯುವುದಿಲ್ಲ. ಜೂನಿನಲ್ಲಿ ಒಂದು ಜೋರು ಮಳೆ ಬಂದರೆ ಸಾಕು, ನೀರು ಮೆಟ್ಟಿಲಿಗೆ ಬರುತ್ತದೆ. ಎದುರುಮನೆಯ ಚೇಟ್ಟ (ಅಣ್ಣ) ಒಮ್ಮೆ ಹೇಳಿದರು: “ಮೊದಲು ಇಲ್ಲಿ ಕೆಸರಿತ್ತು. ಕಾಲು ತೊಳೆದರೆ ಮುಗಿಯುತ್ತಿತ್ತು. ಈಗ ಮನೆಯನ್ನೇ ತೊಳೆಯಬೇಕು.” ನಾವಿಬ್ಬರೂ ಮಾತಾಡುವುದು ಗೇಟಿಗೆ ಒರಗಿ ನಿಂತು. ಕಾರು ಬಂದರೆ ಗೋಡೆಗೆ ಅಂಟಿಕೊಳ್ಳಬೇಕು, ಮಾತು ಅಲ್ಲಿಗೆ ತುಂಡಾಗುತ್ತದೆ.

ನನ್ನ ಊರಿನಲ್ಲಿ ಅಶ್ವತ್ಥಕಟ್ಟೆ ಇತ್ತು. ಬಸ್ಸು ಕಾಯುವವರು, ಅಡಕೆಯ ಧಾರಣೆ ಮಾತಾಡುವವರು, ಸುಮ್ಮನೆ ಕೂರುವವರು, ಎಲ್ಲರಿಗೂ ಅದೇ ಜಾಗ. ಯಾಕೆ ಬಂದಿರಿ ಎಂದು ಯಾರೂ ಕೇಳುತ್ತಿರಲಿಲ್ಲ. ದುಡ್ಡು ಕೊಡದೆ, ಏನನ್ನೂ ಕೊಳ್ಳದೆ ಕೂತುಕೊಳ್ಳಬಹುದಾದ ನೆರಳು ಒಂದು ಊರಿಗೆ ಬೇಕೇಬೇಕು. ಪಾಲಾರಿವಟ್ಟಂನಿಂದ ಮೆಟ್ರೊದಲ್ಲಿ ಇಡಪ್ಪಳ್ಳಿಯ ಕಡೆಗೆ ಹೊರಟರೆ ಮೊದಲು ಸಿಗುವ ನಿಲ್ದಾಣದ ಹೆಸರೇ ಚಙಂಪುಳ ಪಾರ್ಕ್. ಕವಿ ಚಙಂಪುಳ ಕೃಷ್ಣಪಿಳ್ಳೆಯವರ ಹೆಸರಿನ ಆ ಉದ್ಯಾನದಲ್ಲಿ ಸಂಜೆ ಹೊತ್ತು ಸಂಗೀತವೋ ಕಥಕಳಿಯೋ ನಡೆಯುತ್ತದೆ. ಜನ ಬೆವರು ಒರೆಸಿಕೊಳ್ಳುತ್ತ ಬಂದು ಕೂರುತ್ತಾರೆ. ಆದರೆ ಉದ್ಯಾನಕ್ಕೆ ಹೊರಟು ಹೋಗಬೇಕು. ಮನೆಯೆದುರಿನ ರಸ್ತೆಯೇ ಅಂಥದಾದರೆ ಮುದುಕರೂ ಮಕ್ಕಳೂ ತಾವಾಗಿಯೇ ಬಂದಾರು.

ರಸ್ತೆ ಹಾಗೆ ಆಗುವುದನ್ನು ನಾನು ಕಂಡದ್ದು ತಿರುವನಂತಪುರದಲ್ಲಿ. ವೆಳ್ಳಯಂಬಲದ ಹತ್ತಿರದ ಮಾನವೀಯಂ ವೀಥಿ ಸುಮಾರು 200 ಮೀಟರ್ ಉದ್ದದ ಚಿಕ್ಕ ರಸ್ತೆ. ಅದನ್ನು ರಸ್ತೆಯಿಂದ ಬಯಲಾಗಿ ಮಾಡಿದ್ದು ಜನರೇ. ಈ ಶತಮಾನದ ಮೊದಲ ವರ್ಷಗಳಿಂದ ಬೀದಿ ನಾಟಕ, ಚಿತ್ರಪ್ರದರ್ಶನ, ಹಾಡು, ಕವಿತೆ ಓದುವುದು, ಪ್ರತಿಭಟನೆ ಎಲ್ಲವೂ ಅಲ್ಲೇ. ಕವಿ ವಯಲಾರ್ ರಾಮವರ್ಮರ ಪ್ರತಿಮೆಯೂ ಅಲ್ಲಿದೆ. ಆದರೆ ಜನರನ್ನು ಅಲ್ಲಿ ಕೂರಿಸುವುದು ಮೇಲೆ ಕೊಂಬೆಗೆ ಕೊಂಬೆ ತಾಗಿಸಿಕೊಂಡು ನಿಂತ ಹಳೆಯ ಮರಗಳು. 2023ರಲ್ಲಿ ರಸ್ತೆಯನ್ನು ನವೀಕರಿಸಿ ರಾತ್ರಿಜೀವನಕ್ಕೆಂದು ತೆರೆದರು. ಗುಂಪು ಹೆಚ್ಚಿತು, ಹೊಡೆದಾಟಗಳೂ ಆದವು, ಪೊಲೀಸರು ನಿರ್ಬಂಧ ಹಾಕಿದರು. ಸುತ್ತಲಿನ ಮನೆಯವರಿಗೂ ನಿದ್ದೆ ಬೇಕು, ಅವರ ದೂರು ನ್ಯಾಯವಾದದ್ದೇ. ಹಾಗೆಂದು ರಸ್ತೆಯನ್ನು ಮತ್ತೆ ಕಾರುಗಳಿಗೆ ಒಪ್ಪಿಸುವುದು ಪರಿಹಾರವಲ್ಲ. ಇಂಥ ಜಾಗ ಊರಿಗೆಲ್ಲ ಒಂದೇ ಇದ್ದರೆ ಎಲ್ಲರೂ ಅಲ್ಲಿಗೇ ಬರುತ್ತಾರೆ. ವಾರ್ಡಿಗೊಂದು ಇದ್ದರೆ ಯಾವುದಕ್ಕೂ ಅಷ್ಟು ಭಾರ ಬೀಳುವುದಿಲ್ಲ.

ಬೆಂಗಳೂರಿನ ಚರ್ಚ್ ಸ್ಟ್ರೀಟ್ ಇನ್ನೊಂದು ಪಾಠ. 2018ರಲ್ಲಿ ಅದಕ್ಕೆ ಅಂದವಾದ ಕಲ್ಲು ಹಾಸಿದರು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ನಿಲ್ಲಿಸಿ ಪ್ರಯೋಗ ಮಾಡಿದರು. ಜನ ರಸ್ತೆಯ ನಡುವೆ ನಡೆದು ಖುಷಿಪಟ್ಟರು. ಪ್ರಯೋಗ ಮುಗಿಯಿತು, ಕಾರುಗಳು ಬಂದವು. ಬೇಲಿ ಇಟ್ಟು ಮಾಡಿದ್ದನ್ನು ಬೇಲಿ ತೆಗೆದು ಅಳಿಸಬಹುದು. ಬೇರು ಬಿಟ್ಟ ಮರವನ್ನು ಹಾಗೆ ಬದಿಗೆ ಸರಿಸಲಾಗುವುದಿಲ್ಲ. ಅದಕ್ಕೇ ನನ್ನ ಹಟ ಮಣ್ಣಿನ ಬಗ್ಗೆ. ಕೊಚ್ಚಿ ಮೆಟ್ರೊದ ಕಂಬಗಳಿಗೆ ಗಿಡದ ಚಟ್ಟಿಗಳನ್ನು ಕಟ್ಟಿದ್ದನ್ನು ನೋಡಿದ್ದೇನೆ. ಕಣ್ಣಿಗೆ ತಂಪು, ನಿಜ. ಆದರೆ ಚಟ್ಟಿಯ ಗಿಡದ ಕೆಳಗೆ ಯಾರೂ ಕೂರಲಾರರು, ಮಳೆನೀರೂ ಭೂಮಿಗಿಳಿಯದು.

ಇಂಟರ್‌ಲಾಕಿನ ಸಂದಿಯಲ್ಲಿ ನೀರು ಇಳಿಯುತ್ತದೆ ಎನ್ನುವವರಿದ್ದಾರೆ. ನೆಲವನ್ನು ಬಿಗಿಯಾಗಿ ದಮ್ಮಸ್ಸು ಮಾಡಿ, ಜಲ್ಲಿಪುಡಿ ಹರಡಿ, ಮೇಲೆ ಟೈಲ್ಸ್ ಕೂರಿಸುತ್ತಾರೆ. ಎರಡು ಮಳೆಗಾಲದಲ್ಲಿ ಸಂದಿಗಳೆಲ್ಲ ಪಾಚಿ, ಹೂಳು ತುಂಬಿ ಮುಚ್ಚುತ್ತವೆ. ಇನ್ನೊಂದು ಮಾತನ್ನೂ ಒಪ್ಪಬೇಕು. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ ಕೊಚ್ಚಿಯಲ್ಲಿ ಜುಲೈ ಹೊತ್ತಿಗೆ ನೆಲದಡಿಯ ನೀರು ಮೇಲೆಯೇ ಇರುತ್ತದೆ. ತೆರೆದ ಮಣ್ಣು ಎಲ್ಲವನ್ನೂ ಕುಡಿಯಲಾರದು. ಇಡಪ್ಪಳ್ಳಿ ತೋಡು, ಪೇರಂಡೂರು ಕಾಲುವೆಗಳ ಹೂಳು ತೆಗೆಯಲೇಬೇಕು. ಆದರೆ ಮೊದಲ ಮಳೆಗಳನ್ನು ಮಣ್ಣು ಹಿಡಿಯುತ್ತದೆ, ಉಳಿದ ನೀರಿನ ಓಟವನ್ನು ತಡೆದು ನಿಧಾನ ಮಾಡುತ್ತದೆ, ಬೇಸಿಗೆಯಲ್ಲಿ ಮರವನ್ನು ಬದುಕಿಸುತ್ತದೆ.

ನೆದರ್ಲೆಂಡಿನಲ್ಲಿ ಮನೆಯಂಗಳದ ಟೈಲ್ಸ್ ಕಿತ್ತು ಗಿಡ ನೆಡುವುದಕ್ಕೆ ಊರೂರುಗಳ ನಡುವೆ ಪ್ರತಿವರ್ಷ ಸ್ಪರ್ಧೆ ನಡೆಯುತ್ತದೆ. ನಮ್ಮಲ್ಲಿ ಕಾನೂನಿನ ಆಸರೆಯೂ ಇದೆ: ಮರದ ಬುಡದ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟು ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಯ ಆಡಳಿತಗಳಿಗೆ ಆದೇಶಿಸಿತ್ತು. ಬೇರೆ ಊರಿನ ಮರಕ್ಕೂ ಬೇರಿಗೂ ಬೇಕಾದದ್ದು ಅದೇ.

ಇಲ್ಲಿನ ಪ್ರತಿ ಬಡಾವಣೆಗೂ ರೆಸಿಡೆಂಟ್ಸ್ ಅಸೋಸಿಯೇಷನ್ ಇದೆ. ಓಣಂಗೆ ಹೂವಿನ ಕಳಂ ಹಾಕಲು ರಸ್ತೆ ಮುಚ್ಚುವುದು ಅವರಿಗೆ ರೂಢಿ. ಅದೇ ರಸ್ತೆಯ ಒಂದು ತುದಿ, ಕಾರು ತಿರುಗಿಸಲಷ್ಟೇ ಬಳಕೆಯಾಗುವ ಜಾಗ, ಅಲ್ಲಿ ಟೈಲ್ಸ್ ಎಬ್ಬಿಸಿ ಎರಡು ಮಾವು, ಒಂದು ಕಟ್ಟೆ ಸಾಕು. ಆಂಬುಲೆನ್ಸ್ ಬರುವಷ್ಟು ದಾರಿ ಉಳಿಸಿಕೊಳ್ಳಿ. ನೀವು ಕೊಚ್ಚಿಯಲ್ಲಿರಿ, ಮಂಗಳೂರಿನಲ್ಲಿರಿ, ಬೆಂಗಳೂರಿನಲ್ಲಿರಿ, ನಿಮ್ಮ ರಸ್ತೆಗೆ ಹೊಸ ಟೈಲ್ಸ್ ಹಾಸುವ ಮಾತು ಸಭೆಗೆ ಬಂದ ದಿನ ಎದ್ದು ನಿಂತು, ಮರದ ಬುಡಕ್ಕೆ ಒಂದು ಮೀಟರ್ ಬಿಡಿ ಎಂದು ಕೇಳಿ. ಗುತ್ತಿಗೆದಾರನ ಲಾರಿ ಬರುವುದಕ್ಕೆ ಮೊದಲೇ ಕೇಳಿ.