ತೂಬಿಗೆ ನೀರು ಬಂತೆಂದು ಪೇಪರಿನಲ್ಲಿತ್ತು

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದ ಸರ್ಕಾರಿ ಪ್ರೌಢಶಾಲೆ ಮಲೇಬೆನ್ನೂರಿನ ಆಚೆಯ ಒಂದು ಹಳ್ಳಿಯಲ್ಲಿತ್ತು. ದಾವಣಗೆರೆ ಆಗಿನ್ನೂ ಜಿಲ್ಲೆಯಲ್ಲ. 1997ರ ತನಕ ನಾವು ಚಿತ್ರದುರ್ಗ ಜಿಲ್ಲೆಯವರೇ. ಶಾಲೆಯಲ್ಲಿ ವರ್ಷಾವರ್ಷ ಮಕ್ಕಳಿಂದ ವಾಚನಾಲಯ ಶುಲ್ಕ ವಸೂಲಿ ಮಾಡುತ್ತಿದ್ದೆವು. ವಾಚನಾಲಯ ಮಾತ್ರ ಇರಲಿಲ್ಲ. ಆ ದುಡ್ಡಿಗೆ ಎರಡು ಪತ್ರಿಕೆ ಬರುತ್ತಿದ್ದವು. ಒಂದು ಬೆಂಗಳೂರಿನದು, ಇನ್ನೊಂದು ದಾವಣಗೆರೆಯಲ್ಲೇ ಅಚ್ಚಾಗುತ್ತಿದ್ದ ನಾಲ್ಕು ಪುಟದ್ದು. ಮೊದಲನೆಯದು ಹೆಡ್‌ಮಾಸ್ತರರ ಮೇಜಿನ ಮೇಲೆ ಮಡಿಕೆ ಬಿಚ್ಚದೆ ಸಂಜೆವರೆಗೂ ಕೂತಿರುತ್ತಿತ್ತು. ಎರಡನೆಯದಕ್ಕೆ ಅಷ್ಟು ಮರ್ಯಾದೆ ಇರಲಿಲ್ಲ. ಹಾಗಾಗಿ ಅದನ್ನು ತರಗತಿಗೆ ಒಯ್ಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಶಾಲೆಗಳಲ್ಲಿ ಪತ್ರಿಕೆ ಓದಿಸುವುದು ಎಂದರೆ ಆಗ ಪ್ರಾರ್ಥನೆಯ ಹೊತ್ತಿಗೆ ತಲೆಬರಹ ಓದಿಸುವುದು ಎಂದೇ ಲೆಕ್ಕ. ಪೇಪರ್ ಕಟ್ಟು ತರುವ ಬಸ್ಸು ಪ್ರಾರ್ಥನೆ ಮುಗಿದ ಮೇಲೆ ಬರುತ್ತಿದ್ದುದರಿಂದ ಓದುತ್ತಿದ್ದದ್ದು ನಿನ್ನೆಯದು. ಹತ್ತನೇ ಕ್ಲಾಸಿನ ಯಾವನೋ ಒಬ್ಬ ಗೋರ್ಬಚೇವ್ ಹೆಸರನ್ನು ಮುರಿದು ಮುಕ್ಕಾಗಿಸಿ ಓದುವನು, ಮೂರನೇ ಸಾಲಿನವರು ಕಾಲಲ್ಲಿ ಮಣ್ಣು ಕೆದರುವರು, ಒಂದು ನುಡಿಮುತ್ತು, ರಾಷ್ಟ್ರಗೀತೆ, ಮುಗಿಯಿತು. ಈ ಪದ್ಧತಿ ಇವತ್ತಿಗೂ ಅನೇಕ ಶಾಲೆಗಳಲ್ಲಿದೆ. ಅದರಿಂದ ಯಾರಾದರೂ ಏನಾದರೂ ಕಲಿತದ್ದನ್ನು ನಾನು ಕಂಡಿಲ್ಲ.

ಊರ ಪತ್ರಿಕೆಯ ಮಾತು ಬೇರೆ. ಅಕ್ಷರಗಳು ತಲೆಕೆಳಗಾಗಿರುತ್ತಿದ್ದವು, ಫೋಟೋದಲ್ಲಿ ಯಾರು ಮಂತ್ರಿ ಯಾರು ಗನ್‌ಮ್ಯಾನ್ ಗೊತ್ತಾಗುತ್ತಿರಲಿಲ್ಲ, ಮಸಿ ಬೆರಳಿಗೆ ಹತ್ತುತ್ತಿತ್ತು. ಆದರೆ ಅದರ ಮೂಲೆಯಲ್ಲಿ ದಿನಾ ಭದ್ರಾ ಜಲಾಶಯದ ಮಟ್ಟ ಇರುತ್ತಿತ್ತು. ಪಕ್ಕದಲ್ಲಿ ದಾವಣಗೆರೆ ಮಾರುಕಟ್ಟೆಯ ಭತ್ತ, ಮೆಕ್ಕೆಜೋಳ, ಹತ್ತಿಯ ಧಾರಣೆ, ಕನಿಷ್ಠ ಮತ್ತು ಗರಿಷ್ಠ. ನಮ್ಮ ಮಕ್ಕಳ ಮನೆಯಲ್ಲಿ ಊಟದ ಹೊತ್ತಿನ ಮಾತೇ ಇವೆರಡು. ಭದ್ರೆ ತುಂಬಿದರೆ 186 ಅಡಿ ಎಂಬುದು ರಾಜಧಾನಿಗಳ ಹೆಸರು ಬಾರದ ಹುಡುಗನಿಗೂ ಬಾಯಿಪಾಠ.

ಒಂದು ಸಲ ಕ್ಯುಸೆಕ್ಕನ್ನು ಟಿಎಂಸಿಗೆ ತರುವ ಲೆಕ್ಕ ಹಾಕಿಸಿದೆ. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಭಾಗಿಸಿದರೆ 11,574. ಅಷ್ಟು ಕ್ಯುಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ ಖಾಲಿ. ನಾಲೆಗೆ ಎರಡೂವರೆ ಸಾವಿರ ಬಿಟ್ಟರೆ ಒಂದು ಟಿಎಂಸಿ ನಾಲ್ಕೂವರೆ ದಿನ ದಾಟಿ ಬರುತ್ತದೆ. ಹಾಗಾದರೆ ಬೇಸಿಗೆ ಬೆಳೆಗೆ ಇರುವ ನೀರು ಎಷ್ಟು ದಿನ ಸಾಕು? ಬೋರ್ಡಿನ ಮೇಲೆ ಸೊನ್ನೆಗಳು ಉದ್ದವಾದರೂ ಯಾರೂ ಆಕಳಿಸಲಿಲ್ಲ. ಗಣಿತದ ಮೇಷ್ಟ್ರಿಗೆ ಸ್ವಲ್ಪ ಬೇಸರವೇ ಆಯಿತು. ‘ನನ್ನ ಪಿರಿಯಡ್ಡಿನಾಗೆ ಬಾಯಿ ಬಿಡದೋರು ನಿಮ್ಮತ್ರ ಹೆಂಗ್ರೀ ಭಾಗಾಕಾರ ಮಾಡ್ತಾರೆ?’ ಎಂದರು.

ಧಾರಣೆ ಪಟ್ಟಿಯಿಂದ ಇನ್ನೊಂದು ವಿಷಯ ಹೊರಬಿತ್ತು. ಪತ್ರಿಕೆಯಲ್ಲಿದ್ದ ಕನಿಷ್ಠ ದರಕ್ಕಿಂತಲೂ ಕಡಿಮೆಗೆ ಅಪ್ಪ ಜೋಳ ಕೊಟ್ಟಿದ್ದಾನೆಂದು ನಾಲ್ಕೈದು ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬಂದರು. ಕಾರಣ ಎಲ್ಲರಿಗೂ ಗೊತ್ತಿತ್ತು. ಬಿತ್ತನೆ ಹೊತ್ತಿಗೆ ಸಾಲ ಕೊಟ್ಟ ದಲ್ಲಾಳಿಯೇ ಕಣದಲ್ಲಿ ಚೀಲ ತೂಗಿಸಿಕೊಳ್ಳುತ್ತಿದ್ದ. ಪಠ್ಯಪುಸ್ತಕದಲ್ಲಿ ‘ಗ್ರಾಮೀಣ ಸಾಲದ ಸಮಸ್ಯೆ’ ಎಂದು ಎರಡು ಪ್ಯಾರಾ ಇತ್ತು. ಅದನ್ನು ಮತ್ತೆ ವಿವರಿಸುವ ಕೆಲಸ ನನಗೆ ಉಳಿಯಲಿಲ್ಲ.

ಇನ್ನು ತೂಬಿನ ಪ್ರಸಂಗ. ನಾಲೆಯ ಕೊನೆ ಭಾಗಕ್ಕೂ ನೀರು ತಲುಪಿದೆ, ರೈತರಲ್ಲಿ ಹರ್ಷ ಮೂಡಿದೆ ಎಂದು ಒಂದು ದಿನ ಸುದ್ದಿ ಬಂತು. ತರಗತಿಯಲ್ಲಿ ಓದಿದ ಕೂಡಲೆ ಹಿಂದಿನ ಬೆಂಚಿನವನೊಬ್ಬ ಎದ್ದ. ‘ಸುಳ್ಳು ಬರದಾರೆ ಸಾರ್. ನಮ್ಮ ಗದ್ದಿಗೆ ಹನಿ ನೀರು ಬಂದಿಲ್ಲ.’ ಇನ್ನೊಬ್ಬಳು, ‘ನಮಗೆ ಬಂದೈತೆ ಸಾರ್’ ಎಂದಳು. ಜಗಳ ಬಿಡಿಸುವ ಬದಲು ಯಾರ ಗದ್ದೆ ಯಾವ ತೂಬಿನ ಕೆಳಗೆ, ಅಲ್ಲಿ ನೀರು ಎಷ್ಟಿದೆ, ನೋಡಿಕೊಂಡು ಬಂದು ಬರೆಯಿರಿ ಎಂದೆ. ಕೋಲಿಗೆ ಗುರುತು ಮಾಡಿ ಅಳೆದು ತಂದರು. ಮೇಲಿನ ತೂಬುಗಳಲ್ಲಿ ಮೊಣಕಾಲು ಮಟ್ಟ, ಕೊನೆಯವುಗಳಲ್ಲಿ ಬರೀ ಕೆಸರು. ನಡುವೆ ನಾಲೆಗೆ ಪೈಪು ಇಳಿಬಿಟ್ಟ ಪಂಪ್‌ಸೆಟ್ಟುಗಳು. ಅವುಗಳಲ್ಲಿ ಒಂದೆರಡು ನಮ್ಮ ವಿದ್ಯಾರ್ಥಿಗಳ ಮನೆಯವರದೇ. ಆ ಮಕ್ಕಳು ತಲೆ ತಗ್ಗಿಸಲೇನೂ ಇಲ್ಲ, ‘ಎಲ್ರೂ ಹಾಕ್ಯಾರೆ ಸಾರ್’ ಅಂದರು.

ಸುದ್ದಿ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ವರದಿಗಾರ ಮೇಲಿನ ತೂಬಿನವರೆಗೆ ಬಂದು ಹಿಂದೆ ಹೋಗಿರಬೇಕು, ಅಥವಾ ಎಂಜಿನಿಯರು ಹೇಳಿದ್ದನ್ನು ಬರೆದುಕೊಂಡಿರಬೇಕು. ಎಲ್ಲ ಸೇರಿ ಸಂಪಾದಕರಿಗೆ ಪತ್ರ ಬರೆದರು. ಪರೀಕ್ಷೆಗೆ ‘ಬಸ್ ಸೌಕರ್ಯ ಕೋರಿ ಪತ್ರ’ ಬರೆಯುವಾಗ ಇಲ್ಲದ ಎಚ್ಚರ ಇಲ್ಲಿತ್ತು. ಅಳತೆ ಸರಿಯಾ, ತೂಬಿನ ನಂಬರ್ ಸರಿಯಾ ಎಂದು ಎರಡೆರಡು ಸಲ ನೋಡಿದರು. ಪಂಪ್‌ಸೆಟ್ಟಿನ ವಿಷಯ ಬರೆಯಬೇಕೋ ಬಿಡಬೇಕೋ ಎಂಬ ಚರ್ಚೆಗೆ ಒಂದು ಪಿರಿಯಡ್ ಪೂರ್ತಿ ಹೋಯಿತು, ಕೊನೆಗೆ ಬರೆದರು. ಎಷ್ಟೋ ದಿನದ ಮೇಲೆ ಪತ್ರ ನಾಲ್ಕು ಸಾಲಿಗೆ ಇಳಿದು ಅಚ್ಚಾಯಿತು. ಪಂಪ್‌ಸೆಟ್ಟಿನ ಸಾಲು ಹಾರಿಹೋಗಿತ್ತು. ಊರಿನ ಹೆಸರೂ ತಪ್ಪಾಗಿತ್ತು. ನೀರು ಅದರಿಂದೇನೂ ಬರಲಿಲ್ಲ. ಆದರೆ ಅಚ್ಚಾದದ್ದನ್ನೂ ಅಳೆದು ನೋಡಬಹುದು ಎಂಬುದು ಆ ಮಕ್ಕಳಿಗೆ ತಿಳಿಯಿತು. ಊರ ಪತ್ರಿಕೆ ಪಾಠಕ್ಕೆ ಒದಗುವುದು ಇಲ್ಲಿಯೇ. ಮಾಸ್ಕೋದ ಸುದ್ದಿಯನ್ನು ನಂಬಬಹುದು ಅಥವಾ ಬಿಡಬಹುದು, ಅಷ್ಟೇ. ತೂಬಿನ ಸುದ್ದಿಯನ್ನು ನಡೆದು ಹೋಗಿ ನೋಡಿ ಬರಬಹುದು.

ಆ ಕಾಲದ ಪತ್ರಿಕೆಗಳು ಬಹಳ ಚೆನ್ನಾಗಿದ್ದವು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅರ್ಧ ಸುದ್ದಿ ವೇದಿಕೆ ಮೇಲೆ ಯಾರ್ಯಾರು ಉಪಸ್ಥಿತರಿದ್ದರು ಎಂಬುದೇ. ಅಂಥ ಒಂದು ವರದಿ ಕೊಟ್ಟು, ಇದರಲ್ಲಿ ನಿಜಕ್ಕೂ ನಡೆದದ್ದೇನು ಒಂದು ವಾಕ್ಯದಲ್ಲಿ ಬರೆಯಿರಿ ಎಂದರೆ ಹಲವರು ಹಾಳೆ ಖಾಲಿ ಬಿಡುತ್ತಿದ್ದರು. ಅದೇ ಸರಿಯುತ್ತರವಾಗಿತ್ತು. ಅಪರಾಧ ಸುದ್ದಿಯ ಕಾಲಮ್ಮು ಇನ್ನೂ ಕಷ್ಟ. ಕುಡಿದು ಹೊಡೆದಾಡಿದವನ ಹೆಸರು, ಊರು, ಅಪ್ಪನ ಹೆಸರು ಎಲ್ಲ ಇರುತ್ತಿತ್ತು; ಅವನ ಮಗಳು ಎರಡನೇ ಬೆಂಚಿನಲ್ಲಿ ಕೂತಿರುತ್ತಿದ್ದಳು. ಎಸ್ಸೆಸ್ಸೆಲ್ಸಿ ಫೇಲಾಗಿ ಬಾವಿಗೆ ಬಿದ್ದ ಹುಡುಗಿಯ ಹೆಸರನ್ನೂ ಹಾಕುತ್ತಿದ್ದರು. ಆ ಪುಟವನ್ನು ನಾನು ಒಳಗೆ ಮಡಿಚಿಯೇ ಒಯ್ಯುತ್ತಿದ್ದೆ. ಹೋಟೆಲಿನಲ್ಲಿ ಅದನ್ನೇ ಮೊದಲು ಓದಿ ಬಂದಿರುತ್ತಿದ್ದರು ಎನ್ನುವುದು ಬೇರೆ ಮಾತು.

ಈಗ ಆ ಕಡೆಗೆ ಆಗಾಗ ಹೋಗುತ್ತೇನೆ. ಶಾಲೆಗೆ ಒಳ್ಳೆಯ ಕಟ್ಟಡವಾಗಿದೆ, ದಾನಿಗಳು ಕೊಟ್ಟ ದೊಡ್ಡ ಟಿ.ವಿ. ಇದೆ. ಪತ್ರಿಕೆಯೂ ಬರುತ್ತದೆ, ಬಳಕೆಯಾಗುವುದು ಪ್ರಾಜೆಕ್ಟಿಗೆ. ಎಸ್ಸೆಸ್ಸೆಲ್ಸಿಯಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ ಇರುವುದರಿಂದ ಚಿತ್ರ ಕತ್ತರಿಸಿ ಅಂಟಿಸುತ್ತಾರೆ. ಕತ್ತರಿಸಿದ ಚಿತ್ರದ ಕೆಳಗೇನಿತ್ತು ಎಂದು ಕೇಳಿದರೆ ಗೊತ್ತಿರುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟು, ಭದ್ರಾ ನಾಲೆಗೆ ಕೆಲವು ದಿನ ನೀರು ಹರಿಸಿ ಕೆಲವು ದಿನ ನಿಲ್ಲಿಸುವ ಆನ್ ಆಂಡ್ ಆಫ್ ಪದ್ಧತಿಯ ವಿಚಾರಕ್ಕೆ ದಾವಣಗೆರೆ ಭಾಗದ ರೈತರು ಬೀದಿಗಿಳಿದರು. ಆ ದಿನಗಳಲ್ಲಿ ಶಾಲೆಯ ಟಿ.ವಿ.ಯಲ್ಲಿ ನೀರಾವರಿ ಪಾಠದ ಅನಿಮೇಶನ್ ನಡೆದಿತ್ತು. ಮೇಷ್ಟ್ರನ್ನು ದೂರುವಂತಿಲ್ಲ, ಅವರ ಅರ್ಧ ದಿನ ಆನ್‌ಲೈನಿನಲ್ಲಿ ಮಾಹಿತಿ ತುಂಬುವುದಕ್ಕೇ ಹೋಗುತ್ತದೆ. ಜುಲೈ 1ರಂದು ಪತ್ರಿಕಾ ದಿನಾಚರಣೆ. 1843ರಲ್ಲಿ ಅದೇ ದಿನ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ್ದನ್ನು ಭಾಷಣಕಾರರು ಮರೆಯದೆ ಹೇಳುತ್ತಾರೆ. ಎದುರಿಗೆ ಕೂತ ಮಕ್ಕಳ ಕೈಯಲ್ಲಿ ಅವತ್ತಿನ ಪತ್ರಿಕೆ ಮಾತ್ರ ಇರುವುದಿಲ್ಲ.

ಆದರೆ ಕಳೆದುಕೊಂಡದ್ದನ್ನೇ ಲೆಕ್ಕ ಹಾಕುವುದು ನ್ಯಾಯವಲ್ಲ. ಜಲಾಶಯದ ಮಟ್ಟವನ್ನು ಈಗ ಫೋನಿನಲ್ಲೇ ದಿನಾ ನೋಡಬಹುದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಕ್ಕದ ತಾಲ್ಲೂಕಿನಲ್ಲಿ ಶಿಕ್ಷಕಿ. ಮಳೆಗಾಲದಲ್ಲಿ ‘ನಾಳೆ ಶಾಲೆಗಳಿಗೆ ರಜೆ’ ಎಂದು ಜಿಲ್ಲಾಧಿಕಾರಿಗಳ ಹಳೇ ಆದೇಶ ವಾಟ್ಸ್ಯಾಪಿನಲ್ಲಿ ಸುತ್ತುತ್ತದಲ್ಲ, ಅದನ್ನೇ ಅವಳು ಪಾಠ ಮಾಡಿದ್ದಾಳೆ. ದಿನಾಂಕ ಎಲ್ಲಿದೆ, ಸಹಿ ಯಾರದು, ಪತ್ರಿಕೆಯ ತುಣುಕಾದರೆ ಯಾವ ಪತ್ರಿಕೆ, ಯಾವ ಆವೃತ್ತಿ ಎಂದು ಮಕ್ಕಳಿಂದ ಹುಡುಕಿಸುತ್ತಾಳೆ. ಆಮೇಲೆ ಅಸಲಿ ಪತ್ರಿಕೆ ಬಿಡಿಸಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರಿರುವ ಸಣ್ಣಕ್ಷರದ ಸಾಲು ತೋರಿಸುತ್ತಾಳೆ. 1867ರ ಪತ್ರಿಕಾ ಕಾಯ್ದೆಯ ಕಾಲದಿಂದ ಇರುವ ಸಾಲು ಅದು. ಕಾಯ್ದೆ 2023ರಲ್ಲಿ ಹೊಸದಾಗಿದೆ. ತಪ್ಪಾದರೆ ಯಾರನ್ನು ಕೇಳಬೇಕು ಎಂಬುದು ಅಲ್ಲಿದೆ, ಫಾರ್ವರ್ಡ್ ಆಗಿ ಬಂದದ್ದರಲ್ಲಿ ಇಲ್ಲ. ನನ್ನ ತೂಬಿನ ಪಾಠಕ್ಕಿಂತ ಇದು ಈ ಕಾಲಕ್ಕೆ ಹೆಚ್ಚು ಬೇಕಾದ್ದು.

ಹಳೆಯ ವಿದ್ಯಾರ್ಥಿ ಸಂಘದವರಲ್ಲಿ ಒಂದು ವಿನಂತಿ. ಶಾಲೆಗೆ ಇನ್ನೊಂದು ಟಿ.ವಿ. ಕೊಡಿಸುವ ಮುಂಚೆ ನಿಮ್ಮ ಊರ ಕಡೆಯ ಪತ್ರಿಕೆಗೆ ಶಾಲೆಯ ಹೆಸರಿನಲ್ಲಿ ಒಂದು ವರ್ಷದ ಚಂದಾ ಕಟ್ಟಿ. ದಾವಣಗೆರೆಯಲ್ಲಿ ‘ಜನತಾವಾಣಿ’, ಮೈಸೂರಿನಲ್ಲಿ ‘ಆಂದೋಲನ’, ಮಡಿಕೇರಿಯಲ್ಲಿ ‘ಶಕ್ತಿ’, ಎಲ್ಲ ಜಿಲ್ಲೆಯಲ್ಲೂ ಅಂಥದ್ದೊಂದು ಇದೆ. ಒಂದೇ ಪ್ರತಿ ಸಾಲದು, ತರಗತಿಗೆ ನಾಲ್ಕಾದರೂ ಬೇಕು. ಹೆಡ್‌ಮಾಸ್ತರರ ಮೇಜಿಗೆ ಬೇರೆ ತರಿಸಿಕೊಡಿ, ಇಲ್ಲದಿದ್ದರೆ ಆ ನಾಲ್ಕೂ ಅಲ್ಲೇ ಉಳಿಯುತ್ತವೆ.